ಹಳೇ ಮೇಜಿಗೆ ಹೊಸ ಬಣ್ಣ: ಕಿನ್ನಾಳದ ಲೆಕ್ಕದಾಗ

ಸೆಮಿಸ್ಟರ್ ಶುರುವಾಗಿ ರೂಮ್ ಹಿಡಿದ ಮ್ಯಾಲ ನಮಗೆಲ್ಲ ಮೊದಲು ಬೇಕಾಗೋದು ಒಂದು ಮೇಜು, ಒಂದು ಕುರ್ಚಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಾದರೂ ಸರಿ, ಹಳೇ ಕಟ್ಟಿಗೆ ಸಾಮಾನು ಕಡಿಮೆ ರೊಕ್ಕಕ್ಕೆ ಸಿಗತೈತಿ. ಒಂದು ಡಬ್ಬಿ ಬಣ್ಣ ತಂದು ಬಳಿದರೆ ಹೊಸದಾಗತೈತಿ ಅನ್ನೋರು ಬಹಳ ಮಂದಿ. ಆದರೆ ಬಣ್ಣ ಅನ್ನೋದು ಕಡೇ ಕೆಲಸ. ಅದರ ಕೆಳಗಿನ ಪದರಗಳು ಗಟ್ಟಿ ಇದ್ದರೆ ಮಾತ್ರ ಮೇಲಿನ ಬಣ್ಣ ನಿಲ್ಲುತ್ತದೆ.

ಇದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಕೊಪ್ಪಳ ತಾಲೂಕಿನ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಮಾಡುತ್ತಾ ಬಂದದ್ದು ಇದನ್ನೇ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲೆ ಅದು. ಅವರು ಹಗುರ ಕಟ್ಟಿಗೆಯಲ್ಲಿ ಬೇರೆ ಬೇರೆ ಭಾಗ ಕೆತ್ತಿ ಜೋಡಿಸುತ್ತಾರೆ. ಗರುಡನಿಗೆ 12 ಭಾಗ, ಪೀಠದ ಮೇಲೆ ಕುಳಿತ ಗಣಪತಿಗೆ 22. ಸೆಣಬಿನ ಗೋಣಿ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ 'ಕಿಟ್ಟ' ಆಗುತ್ತದೆ. ಅದನ್ನು ಮೈತುಂಬ ಹಚ್ಚಿ, ಮ್ಯಾಲ ಹತ್ತಿ ಬಟ್ಟೆಯ ತುಂಡು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ನಮ್ಮ ಸಿಲಬಸ್ ಭಾಷೆಯಲ್ಲಿ ಹೇಳಬೇಕಂದರೆ ಕಿಟ್ಟ ಒಂದು ಕಾಂಪೋಸಿಟ್: ನಾರು ಬಲ ಕೊಡುತ್ತದೆ, ಅಂಟು ಹಿಡಿದಿಡುತ್ತದೆ. ಕಲ್ಲುಪುಡಿ ಲೇಪ ಅವರ ಪ್ರೈಮರ್.

ಮೊದಲು: ಬಣ್ಣ ಹಚ್ಚಬೇಕೋ ಬ್ಯಾಡೋ?

ಮನೆಯಲ್ಲಿ ಅಥವಾ ಹಳೇ ಸಾಮಾನಿನಲ್ಲಿ ಕಿನ್ನಾಳದ ಬೊಂಬೆ, ದೇವರ ಮೂರ್ತಿ, ಚಿತ್ತಾರದ ಪೀಠ ಸಿಕ್ಕರೆ ಎನಾಮೆಲ್ ಬಳಿಯಬ್ಯಾಡ್ರಿ, ಸೋಪಿನ ನೀರಿನಲ್ಲಿ ತೊಳೆಯಲೂಬ್ಯಾಡ್ರಿ. ಹುಣಸೆ ಬೀಜದ ಅಂಟು ನೀರು ಕುಡಿದರೆ ಉಬ್ಬುತ್ತದೆ, ಪದರ ಬಿಡುತ್ತದೆ. ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಕಿನ್ನಾಳದ ಕಲಾವಿದರಿಗೇ ತೋರಿಸಿ. ಸಾದಾ ಮೇಜು, ಕುರ್ಚಿ ಆದರೆ ಮುಂದಕ್ಕೆ ಹೋಗೋಣ.

ಪರೀಕ್ಷೆ

ಮೇಜನ್ನು ಒಂದು ಮೂಲೆ ಹಿಡಿದು ಅಲುಗಾಡಿಸಿ. ಅಲುಗಿದರೆ ಕೀಲು ಸಡಿಲಾಗಿವೆ. ಸಣ್ಣ ತೂತು, ಕೆಳಗೆ ಸಣ್ಣ ಹಿಟ್ಟು ಉದುರಿದ್ದರೆ ಹುಳು ಇನ್ನೂ ಒಳಗಿರಬಹುದು. ಬೆರಳಲ್ಲಿ ಬಡಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ತಿಂದಿರಬಹುದು. ಇಂಥದ್ದನ್ನು ಬಿಟ್ಟುಬಿಡೋದೇ ಲಾಭ.

ಸೀಸದ ವಿಷಯ

ಇದನ್ನು ಮಾತ್ರ ಹಗುರಾಗಿ ತಗೋಬಾರದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕಿಂತ ಹಳೇ ಬಣ್ಣದಲ್ಲಿ ಎಷ್ಟು ಸೀಸ ಇದೆಯೋ ನೋಡಿ ಹೇಳಲಾಗದು. ಒಣ ಬಣ್ಣ ಉಜ್ಜಿದರೆ ಆ ಧೂಳು ನಮ್ಮ ಉಸಿರಿಗೆ, ಬಟ್ಟೆಗೆ, ಮನೆಯ ಸಣ್ಣ ಮಕ್ಕಳ ಕೈಬಾಯಿಗೆ ಹೋಗುತ್ತದೆ. ಸೀಸ ಎಲುಬಿನಲ್ಲಿ ಕೂರುತ್ತದೆ, ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಅದಕ್ಕೇ ಹಳೇ ಬಣ್ಣವನ್ನು ವಾಟರ್ ಪೇಪರ್‌ನಿಂದ ನೀರು ಹಚ್ಚಿಯೇ ಉಜ್ಜಬೇಕು. ಎನ್95 ಮಾಸ್ಕ್ ಇರಲಿ, ಕೆಳಗೆ ಹಳೇ ಪ್ಲಾಸ್ಟಿಕ್ ಹಾಸಿರಲಿ, ಮಕ್ಕಳು ದೂರ ಇರಲಿ. ಬಣ್ಣವನ್ನು ಬೆಂಕಿಯಿಂದ ಸುಟ್ಟು ತೆಗೆಯುವುದಂತೂ ಬ್ಯಾಡವೇ ಬ್ಯಾಡ.

ಕೆಲಸದ ಕ್ರಮ

1. ಸೋಪಿನ ನೀರಿನ ಒದ್ದೆ ಬಟ್ಟೆಯಿಂದ ಎಣ್ಣೆ ಜಿಡ್ಡು ಒರೆಸಿ, ನೆರಳಲ್ಲಿ ಪೂರ್ತಿ ಒಣಗಿಸಿ.

2. ಸಡಿಲ ಕೀಲಿಗೆ ಫೆವಿಕಾಲ್ ಹಾಕಿ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುವಿ ಬಿಗಿಮಾಡಿ. 24 ತಾಸು ಮುಟ್ಟಬ್ಯಾಡ್ರಿ.

3. ಉಜ್ಜುವಾಗ 120 ನಂಬರಿನ ಪೇಪರ್‌ನಿಂದ ಶುರುಮಾಡಿ 220ಕ್ಕೆ ಮುಗಿಸಿ. ನಂಬರ್ ದೊಡ್ಡದಾದಷ್ಟು ಕಣ ಸಣ್ಣದು. ಕಟ್ಟಿಗೆಯ ಎಳೆ ಹೋದ ಕಡೆಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಗೀರು ಬಣ್ಣದ ಮೇಲೂ ಕಾಣುತ್ತದೆ.

4. ತೂತು, ಬಿರುಕಿಗೆ ಬಡಿಗೇರರ ಹತ್ತಿರ ಸಿಗುವ ಸಣ್ಣ ಕಟ್ಟಿಗೆ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ. ನೋಡ್ರಿ, ಇದು ಕಿಟ್ಟದ ತಮ್ಮ ಇದ್ದಂಗ! ಗೋಡೆ ಪುಟ್ಟಿ ಹಾಕಬಾರದು. ಮಳೆಗಾಲದಲ್ಲಿ ಕಟ್ಟಿಗೆ ಹಿಗ್ಗುತ್ತದೆ, ಬ್ಯಾಸಗಿಯಲ್ಲಿ ಕುಗ್ಗುತ್ತದೆ. ಸಿಮೆಂಟಿನ ಪುಟ್ಟಿ ಅದರ ಸಂಗಡ ಹಿಗ್ಗಿ ಕುಗ್ಗಲಾರದೆ ಒಡೆಯುತ್ತದೆ.

5. ವುಡ್ ಪ್ರೈಮರ್ ಒಂದು ಕೈ. ಒಣಗಿದ ಮೇಲೆ 220ರಿಂದ ಹಗುರಾಗಿ ಉಜ್ಜಿ ಒರೆಸಿ.

6. ಎನಾಮೆಲ್ ತೆಳ್ಳಗೆ ಎರಡು ಕೈ. ಆಯಿಲ್ ಎನಾಮೆಲ್ ಬರೇ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ದಪ್ಪ ಬಳಿದರೆ ಮೇಲೆ ಕೆನೆ ಕಟ್ಟಿ, ಒಳಗೆ ಹಸಿ ಉಳಿದು, ಸುಕ್ಕು ಬೀಳುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊರಗಿಟ್ಟು ಬಳಿದರೂ ಹಂಗ. ಮುಂಜಾನೆ, ನೆರಳಿನಲ್ಲಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಎಣ್ಣೆಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬ್ಯಾಡ್ರಿ. ತಾನೇ ಕಾದು ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಬಣ್ಣ ಎಷ್ಟು ಬೇಕು?

4 ಅಡಿ ಉದ್ದ, 2 ಅಡಿ ಅಗಲದ ಮೇಜಿನ ಹಲಗೆ 8 ಚದರ ಅಡಿ. ಎರಡೂವರೆ ಅಡಿ ಎತ್ತರ, 2 ಇಂಚು ದಪ್ಪದ ನಾಲ್ಕು ಕಾಲು ಸುಮಾರು 7. ಸುತ್ತಲಿನ 4 ಇಂಚಿನ ಪಟ್ಟಿ 4. ಒಟ್ಟು 19, ಎರಡು ಕೈಗೆ 38. ಲೀಟರಿಗೆ 100 ಚದರ ಅಡಿ ಅಂತ ಹಿಡಿದರೆ 380 ಮಿ.ಲೀ. ಆಯಿತು. ಅಂದರೆ ಅರ್ಧ ಲೀಟರಿನ ಡಬ್ಬಿ ಸಾಕು. ನಿಮ್ಮ ಬಣ್ಣದ ನಿಜವಾದ ಅಳತೆ ಡಬ್ಬಿಯ ಮ್ಯಾಲ ಬರೆದಿರುತ್ತದೆ. 'ಸೀಸರಹಿತ' ಅಂತ ಇದೆಯೋ ಇಲ್ಲವೋ ಅದನ್ನೂ ಆಗಲೇ ನೋಡಿ.

ಕೈಗೆ ಅಂಟದಷ್ಟು ಒಣಗಿದರೂ ಒಂದು ವಾರ ಬಿಸಿ ಚಹಾ ಕಪ್ಪು, ಭಾರದ ಪುಸ್ತಕ ಇಡಬ್ಯಾಡ್ರಿ. ಆ ವಾರದ ಭಾನುವಾರ ನಾವೆಲ್ಲ ಕೂಡಿ ಕಿನ್ನಾಳಕ್ಕೆ ಹೋಗಿ ಬರೋಣು. ಅಂಟು, ನಾರು, ಲೇಪ, ಬಣ್ಣ ಒಂದರ ಮ್ಯಾಲೊಂದು ಕೂರುವುದನ್ನು ಕಣ್ಣಾರೆ ನೋಡಿ, ಒಂದು ಬೊಂಬೆ ಕೊಂಡು ತಂದು ನಮ್ಮ ಮೇಜಿನ ಮೇಲಿಡೋಣು.