ಚಿಪ್‌ಗೂ ಒಂದು ಸವಕಳಿ ಲೆಕ್ಕ

ಯಂತ್ರದ ಲೆಕ್ಕ ಬರೆಯುವಾಗ ನಾವು ಕೊಂಡ ಬೆಲೆ, ನಡೆಸುವ ಖರ್ಚು ಎರಡನ್ನೂ ನೋಡುತ್ತೇವೆ. ಮೊಬೈಲಿನ ಚಿಪ್‌ಗೂ ಪರಿಸರದ ಲೆಕ್ಕ ಹೀಗೆಯೇ ಇದೆ. ತಯಾರಿಸುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಒಂದು, ಬಳಸುವಾಗ ವಿದ್ಯುತ್ತಿನ ಮೂಲಕ ಬರುವುದು ಇನ್ನೊಂದು.

ಚಿಪ್ ವಿನ್ಯಾಸ ಮಾಡುವವರು ಬಹುಕಾಲ ವಿದ್ಯುತ್ ಉಳಿತಾಯಕ್ಕೇ ಹೆಚ್ಚು ಗಮನ ಕೊಟ್ಟರು. 2022ರಲ್ಲಿ ಹಾರ್ವರ್ಡ್ ಮತ್ತು ಮೆಟಾ ಸಂಶೋಧಕರು ಪ್ರಕಟಿಸಿದ ‘ಆಕ್ಟ್’ ಎಂಬ ಮಾದರಿ, ತಯಾರಿಕೆಯ ಇಂಗಾಲವನ್ನೂ ವಿನ್ಯಾಸದ ಹಂತದಲ್ಲೇ ಅಂದಾಜು ಮಾಡುತ್ತದೆ. ಚಿಪ್‌ನ ವಿಸ್ತೀರ್ಣ, ಕಾರ್ಖಾನೆಯ ವಿದ್ಯುತ್, ಅನಿಲಗಳು, ಕಚ್ಚಾವಸ್ತು, ಸರಿಯಾಗಿ ಬಂದ ಚಿಪ್‌ಗಳ ಪ್ರಮಾಣ ಇವೆಲ್ಲ ಅದರಲ್ಲಿ ಸೇರುತ್ತವೆ.

ಸುಲಭವಾಗಲೆಂದು ಒಂದು ಕಾಲ್ಪನಿಕ ಲೆಕ್ಕ: ವೇಫರ್ ಎಂಬ ಒಂದು ಸಿಲಿಕಾನ್ ಬಿಲ್ಲೆಯಲ್ಲಿ 100 ಚಿಪ್ ಮಾಡಲು 1000 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎನ್ನೋಣ. 20 ಚಿಪ್ ಕೆಟ್ಟರೆ, ಉಳಿದ ಒಂದೊಂದರ ಪಾಲು 10 ಅಲ್ಲ, 12.5 ಕೆ.ಜಿ. ಚಿಪ್ ಚಿಕ್ಕದಾದರೆ ಅದೇ ಬಿಲ್ಲೆಯಲ್ಲಿ ಹೆಚ್ಚು ಸಿಗುತ್ತವೆ, ಪಾಲು ಇಳಿಯುತ್ತದೆ.

ಆ 12.5 ಕೆ.ಜಿ.ಯನ್ನು 2 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 6.25, 5 ವರ್ಷಕ್ಕೆ ಹಂಚಿದರೆ 2.5 ಮಾತ್ರ. ನಮ್ಮ ಸವಕಳಿ ಪಾಠವೇ ಅಲ್ಲವೇ?

ಹೊಸ ಫೋನ್ ಬೇಕೆಂದು ಹಟ ಹಿಡಿದಿದ್ದ ನಾನು, ಈ ಲೆಕ್ಕ ಹಾಕಿದ ಮೇಲೆ ಅಬ್ಬಾ ಹತ್ತಿರ ಹೇಳಿದೆ: “ಬ್ಯಾಟರಿ ಬದಲಾಯಿಸಿದರೆ ಸಾಕು.”