ಸೋಲುವುದನ್ನು ಕಲಿಸಿದ ಗುರು: ಚೆಂಗ್ ಮಾನ್‌ಚಿಂಗ್



ಕರಾಟೆ, ಕುಂಗ್‌ಫೂ ಅಂದ ಕೂಡಲೇ ನಮಗೆ ಹಂಚು ಒಡೆಯೋದು, ಹಾರಿ ಒದೆಯೋದು ನೆನಪಾಗುತ್ತದೆ. ಆದರೆ ಚೀನಾ ದೇಶದಲ್ಲಿ ಇನ್ನೊಂದು ವಿದ್ಯೆ ಇದೆ. ಅದನ್ನು ನಿಧಾನವಾಗಿ, ನೀರು ಹರಿದ ಹಾಗೆ ಮಾಡುತ್ತಾರೆ. ಅದರ ಹೆಸರು ತಾಯ್ ಚಿ. ಆ ವಿದ್ಯೆಯ ಒಬ್ಬ ದೊಡ್ಡ ಗುರುವಿನ ಬಗ್ಗೆ ನಾನು ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ತಾಯ್ ಚಿ ಎಂದರೇನು?

ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ ಚೆನ್ ಮನೆತನದವರು ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿದ್ದರು. ಅಲ್ಲಿ ಅದನ್ನು ಕಲಿತವರು ಯಾಂಗ್ ಲುಚಾನ್ (1799–1872). ಅವರು ಇದನ್ನು ಬೀಜಿಂಗ್ ನಗರಕ್ಕೆ ತಂದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಸಾವಿರಾರು ಜನಕ್ಕೆ ಕಲಿಯಲು ಆಗುವ ಹಾಗೆ ಇದನ್ನು ಹರಡಿದರು. ನಮ್ಮ ಕಥಾನಾಯಕರು ಇವರ ಶಿಷ್ಯರೇ.

ಬಾಲ್ಯ

ಚೆಂಗ್ ಮಾನ್‌ಚಿಂಗ್ 1902ರಲ್ಲಿ ಝೆಜಿಯಾಂಗ್ ಪ್ರಾಂತ್ಯದಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯೇ ಪದ್ಯ, ಗಿಡಮೂಲಿಕೆ ಎಲ್ಲ ಹೇಳಿಕೊಟ್ಟರು. ಒಂದು ದಿನ ಇಟ್ಟಿಗೆ ತಲೆ ಮೇಲೆ ಬಿದ್ದು ಹುಡುಗ ಎಚ್ಚರ ತಪ್ಪಿದ. ಬದುಕಿದ್ದೇ ಹೆಚ್ಚು. ಆಮೇಲೆ ಅವನನ್ನು ಒಬ್ಬ ಚಿತ್ರಕಾರರ ಬಳಿ ಬಿಟ್ಟರು. ಅಲ್ಲಿ ಮಸಿ ಅರೆಯುವುದೇ ಕೆಲಸ. ಅರೆಯುತ್ತಾ ನೋಡುತ್ತಾ ಚಿತ್ರ ಬರೆಯಲು ಕಲಿತ. ಇಪ್ಪತ್ತರ ಹರೆಯದಲ್ಲೇ ಶಾಂಘೈನ ಕಲಾಶಾಲೆಯಲ್ಲಿ ಚಿತ್ರಕಲೆಯ ಅಧ್ಯಾಪಕರಾದರು. ಚಿತ್ರ, ಕಾವ್ಯ, ಸುಂದರ ಅಕ್ಷರ, ವೈದ್ಯ, ತಾಯ್ ಚಿ – ಈ ಐದೂ ಬಲ್ಲವರೆಂದು ಮುಂದೆ ಅವರಿಗೆ 'ಐದು ವಿದ್ಯೆಗಳ ಗುರು' ಅಂತ ಹೆಸರು ಬಂತು.

ರೋಗ ಮತ್ತು ಗುರು

ಅವರ ಮೈ ಮಾತ್ರ ಮೊದಲಿನಿಂದ ಬಡಕಲು. ಒಮ್ಮೆ ಸ್ವಲ್ಪ ದಿನ ತಾಯ್ ಚಿ ಮಾಡಿ ಚೇತರಿಸಿಕೊಂಡರು. ಗುಣವಾಯ್ತಲ್ಲ ಅಂತ ಬಿಟ್ಟುಬಿಟ್ಟರು. ಆಮೇಲೆ ಕ್ಷಯರೋಗ ಹಿಡಿಯಿತು, ಕೆಮ್ಮಿದರೆ ರಕ್ತ. ಆಗ ಮತ್ತೆ ಶುರು ಮಾಡಿದರು, ಈ ಸಲ ಬಿಡಲಿಲ್ಲ. 1930ರ ಆಸುಪಾಸಿನಲ್ಲಿ ಯಾಂಗ್ ಚೆಂಗ್‌ಫು ಅವರ ಶಿಷ್ಯರಾದರು. ಗುರುಪತ್ನಿಯ ಕಾಯಿಲೆಗೆ ಚೆಂಗ್ ಔಷಧ ಕೊಟ್ಟು ವಾಸಿಮಾಡಿದ್ದಕ್ಕೆ ಗುರುಗಳು ಮನಸಾರೆ ಕಲಿಸಿದರು ಅಂತ ಶಿಷ್ಯರು ಹೇಳ್ತಾರೆ.

ಗುರುಗಳು ದಿನಾ ಹೇಳುತ್ತಿದ್ದದ್ದು ಒಂದೇ ಮಾತು, ಮೈ ಸಡಿಲ ಬಿಡು ಅಂತ. ಚೆಂಗ್ ಅವರಿಗೆ ಅದು ಬಹಳ ಕಾಲ ಅರ್ಥವಾಗಲಿಲ್ಲ. ಒಂದು ರಾತ್ರಿ ತನ್ನ ಎರಡು ತೋಳೂ ಮುರಿದು ಬೊಂಬೆಯ ಕೈಗಳ ಹಾಗೆ ಜೋತುಬಿದ್ದಂತೆ ಕನಸು ಕಂಡರಂತೆ. ಎದ್ದ ಮೇಲೆ ಸಡಿಲ ಅಂದರೇನು ಅಂತ ಗೊತ್ತಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ.

108ರಿಂದ 37

ಯಾಂಗ್ ಮನೆತನದ ಉದ್ದ ಪಾಠವನ್ನು 108 ಭಂಗಿ ಅಂತ ಎಣಿಸುತ್ತಾರೆ. ಅದರಲ್ಲಿ ಬಂದದ್ದೇ ಮತ್ತೆ ಮತ್ತೆ ಬರುತ್ತದೆ. ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದಾಗ ಚೆಂಗ್ ಹುನಾನ್ ಪ್ರಾಂತ್ಯದಲ್ಲಿ ಕಲಿಸುತ್ತಿದ್ದರು. ಕಲಿಯುವವರಿಗೆ ಪುರಸೊತ್ತು ಕಡಿಮೆ. ಆದ್ದರಿಂದ ಅವರು ಪುನರಾವರ್ತನೆ ತೆಗೆದು 37 ಭಂಗಿಗೆ ಇಳಿಸಿದರು. ಬಿಡುವಿಲ್ಲದವರೂ ದಿನಾ ಮಾಡಬಹುದಾದ ಪಾಠ ಹೀಗೆ ಹುಟ್ಟಿತು.

1949ರಲ್ಲಿ ಅವರು ತೈವಾನಿಗೆ ಹೋದರು. 1964ರಲ್ಲಿ ಅಮೆರಿಕದ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಚೀನೀಯರ ಬಡಾವಣೆಯಲ್ಲಿ ಶಾಲೆ ತೆರೆದರು. ಚೀನೀಯರಲ್ಲದವರಿಗೂ ಭೇದ ಮಾಡದೆ ಕಲಿಸಿದರು. 1975ರಲ್ಲಿ ತೈವಾನಿನಲ್ಲಿ ತೀರಿಕೊಂಡರು. ಅವರ 37 ಭಂಗಿಯ ಪಾಠ ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತಿದೆ. 2020ರಲ್ಲಿ ಯುನೆಸ್ಕೋ ಸಂಸ್ಥೆ ತಾಯ್ ಚಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೋಲಿನ ಪಾಠ

ತಾಯ್ ಚಿಯಲ್ಲಿ ಇಬ್ಬರು ಎದುರುಬದುರು ನಿಂತು ಮೆಲ್ಲಗೆ ತಳ್ಳಾಡುವ ಅಭ್ಯಾಸ ಇದೆ. ಅಲ್ಲಿ ಚೆಂಗ್ ಹೇಳುತ್ತಿದ್ದ ತತ್ವ – ಮೊದಲು ಸೋಲನ್ನು ಬಂಡವಾಳವಾಗಿ ಹಾಕಬೇಕು. ಬಿಗಿದು ನಿಂತು ಗೆಲ್ಲಲು ಹೋದವನು ಏನೂ ಕಲಿಯೋದಿಲ್ಲ. ಸಡಿಲವಾಗಿ ಸೋತವನಿಗೆ ತಾನು ಎಲ್ಲಿ ಬಿಗಿದಿದ್ದೆ ಅಂತ ಗೊತ್ತಾಗುತ್ತದೆ.

ನೀವೇ ಮಾಡಿ ನೋಡಿ: ಪಕ್ಕದ ಗೆಳೆಯನ ಎದುರು ನಿಂತು ಅಂಗೈಗೆ ಅಂಗೈ ಕೊಡಿ. ಅವನು ಜೋರಾಗಿ ತಳ್ಳಲಿ. ನೀವೂ ತಳ್ಳಿದರೆ ಬಲ ಇದ್ದವನೇ ಗೆಲ್ಲುತ್ತಾನೆ. ತಳ್ಳದೆ ಸೊಂಟ ತಿರುಗಿಸಿ ಜಾಗ ಬಿಟ್ಟರೆ ಅವನೇ ಮುಂದಕ್ಕೆ ಮುಗ್ಗರಿಸುತ್ತಾನೆ. ಯಾಕೆ? ಅವನ ಗುರುತ್ವ ಕೇಂದ್ರ ಪಾದಗಳ ಆಚೆಗೆ ಹೋಯಿತು. ವಿಜ್ಞಾನದ ಪಾಠದಲ್ಲಿ ಓದಿದ್ದೂ ಇದೇ. (ಮೆತ್ತನೆ ಮಣ್ಣಿನ ಮೇಲೆ ಮಾಡಿ. ಮೆಟ್ಟಿಲ ಬಳಿ ಬೇಡ.)

ಒಂದು ಎಚ್ಚರಿಕೆ

ಇದನ್ನು ಓದಿ ಯಾರೂ ವ್ಯಾಯಾಮದಿಂದಲೇ ಕ್ಷಯ ಹೋಗುತ್ತದೆ ಎಂದು ತಿಳಿಯಬಾರದು. ಚೆಂಗ್ ಅವರ ಯೌವನದಲ್ಲಿ ಕ್ಷಯಕ್ಕೆ ಔಷಧವೇ ಇರಲಿಲ್ಲ. ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು.

ನಮ್ಮ ಅಜ್ಜನಿಗೆ ಈ ರೋಗ ಬಂದಿತ್ತು. ಎರಡು ತಿಂಗಳಿಗೆ ಕೆಮ್ಮು ನಿಂತಿತು. "ನಂಗೆ ವಾಸಿ ಆಯ್ತು ಬಿಡ್ರೋ" ಅಂತ ಮಾತ್ರೆ ಬಿಟ್ಟರು. ಮನೆಯಲ್ಲಿ ನಾವೂ ಸುಮ್ಮನಾದೆವು. ರೋಗ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಎರಡನೇ ಸಲ ದಿನಾ ಸಂಜೆ ನಾನೇ ಲೋಟದಲ್ಲಿ ನೀರು ಹಿಡಿದು ಎದುರು ನಿಲ್ಲುತ್ತಿದ್ದೆ. ಈಗ ಅವರು ಹಟ್ಟಿ ತನಕ ನಡೆದು ಹೋಗುತ್ತಾರೆ. ಚೆಂಗ್ ಕೂಡ ಗುಣವಾಯ್ತು ಅಂತ ಒಮ್ಮೆ ಅಭ್ಯಾಸ ಬಿಟ್ಟಿದ್ದರು ಅಂತ ಓದಿದಾಗ ನನಗೆ ಅಜ್ಜನೇ ಕಣ್ಣ ಮುಂದೆ ಬಂದರು.

ನಾನು ಕಲಿತದ್ದು

ಬಡಕಲು ಮೈಯವನೂ ಗುರುವಾಗಬಹುದು. ಸೋತರೆ ನಾಚಿಕೆ ಪಡಬಾರದು. ಹಿಡಿದ ಕೆಲಸವನ್ನು ಗುಣ ಕಂಡ ಕೂಡಲೇ ಬಿಡಬಾರದು. ಹನಿ ಹನಿ ಕೂಡಿದರೆ ಹಳ್ಳ ಅಲ್ಲವೇ? ತಪ್ಪುಗಳಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಉತ್ತರಿಸಿ:
1. ಚೆಂಗ್ ಅವರ ಐದು ವಿದ್ಯೆಗಳು ಯಾವುವು?
2. ಭಂಗಿಗಳನ್ನು 37ಕ್ಕೆ ಇಳಿಸಿದ್ದು ಏಕೆ?
3. ತಳ್ಳಿದವನೇ ಮುಗ್ಗರಿಸುವುದು ಹೇಗೆ?
4. ನಿಮ್ಮ ಮನೆಯಲ್ಲಿ ಯಾರಾದರೂ ಅರ್ಧಕ್ಕೆ ಔಷಧ ಬಿಟ್ಟಿದ್ದಾರೆಯೇ? ಇದನ್ನು ಬರೆಯುವುದು ಬೇಡ, ಹೋಗಿ ಕೇಳಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿ