ಕಡಲ ಕೆಸರಿನಲ್ಲಿ ಮದ್ದು



ನಮ್ಮ ಬಸವಾಪಟ್ಟಣದಲ್ಲಿ ಮೊದಲ ಮಳೆ ಬಿದ್ದಾಗ ಮಣ್ಣು ಘಮ್ ಅನ್ನುತ್ತೆ. ಆ ವಾಸನೆ ಎಲ್ಲಿಂದ ಬಂತು? ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಅವುಗಳ ಹೆಸರು ಬ್ಯಾಕ್ಟೀರಿಯಾ. ಅವುಗಳಲ್ಲಿ ಕೆಲವು ಈ ವಾಸನೆ ಕೊಡುತ್ತವೆ.

ಬ್ಯಾಕ್ಟೀರಿಯಾ ಅಂದರೆ ಬರೀ ರೋಗ ಅಲ್ಲ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ. ನಾಟಿ ಗದ್ದೆಯ ಒಂದು ಹಿಡಿ ಕೆಸರಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ಅವಕ್ಕೂ ಜಾಗ ಬೇಕು, ಆಹಾರ ಬೇಕು. ಅದಕ್ಕೇ ಜಗಳ. ಕೆಲವು ಬ್ಯಾಕ್ಟೀರಿಯಾ ಒಂದು ರಸ ಬಿಡುತ್ತವೆ. ಆ ರಸ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅದೇ ನಮಗೆ ಮದ್ದಾಯಿತು.

1943ರಲ್ಲಿ ಅಮೆರಿಕದ ವಿಜ್ಞಾನಿಗಳು ಮಣ್ಣಿನ ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಅದು ಕ್ಷಯ ರೋಗಕ್ಕೆ ಮದ್ದು. 1957ರಲ್ಲಿ ಫ್ರಾನ್ಸ್ ದೇಶದ ಕಾಡಿನ ಮಣ್ಣಿನಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದರ ರಸದಿಂದ ಮುಂದೆ ರಿಫಾಂಪಿಸಿನ್ ತಯಾರಾಯಿತು. ಇಂದಿನ ಕ್ಷಯದ ಮಾತ್ರೆಯಲ್ಲೂ ಅದಿದೆ. ಆ ಮಾತ್ರೆ ನುಂಗಿದರೆ ಮೂತ್ರ ಕೆಂಪಗಾಗುತ್ತೆ. ಹೆದರಬೇಡಿ.

ನೆಲದ ಮಣ್ಣಿನಲ್ಲಿ ಹುಡುಕಿ ಹುಡುಕಿ, ಸಿಕ್ಕಿದ್ದೇ ಮತ್ತೆ ಸಿಗತೊಡಗಿತು. ಆಗ ವಿಜ್ಞಾನಿಗಳು ಕಡಲಿನ ಕಡೆ ನೋಡಿದರು. ಸುಮಾರು 1990ರ ಹೊತ್ತಿಗೆ ಬಹಾಮಾಸ್ ದ್ವೀಪಗಳ ಹತ್ತಿರ ಕಡಲ ತಳದ ಕೆಸರು ತೆಗೆದರು. ಅದರಲ್ಲಿ ಹೊಸ ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಹೆಸರು ಸಾಲಿನಿಸ್ಪೋರಾ. ಉಪ್ಪುನೀರು ಇಲ್ಲದಿದ್ದರೆ ಅದು ಬೆಳೆಯುವುದಿಲ್ಲ. 2003ರಲ್ಲಿ ಅದರಿಂದ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ವಸ್ತು ಸಿಕ್ಕಿತು. ಮಿದುಳಿನ ಕ್ಯಾನ್ಸರ್ ಇದ್ದವರಿಗೆ ಕೊಟ್ಟು ನೋಡಿದರು. ಅಂದುಕೊಂಡ ಗುಣ ಕಾಣಲಿಲ್ಲ. ಕೆಸರಿನಿಂದ ಮಾತ್ರೆಯವರೆಗೆ ದಾರಿ ಅಷ್ಟು ದೂರ.

ಆದರೂ ಹುಡುಕಾಟ ನಿಂತಿಲ್ಲ. ನಮ್ಮ ರಾಜ್ಯಕ್ಕೂ ಕಾರವಾರದಿಂದ ಮಂಗಳೂರಿನ ತನಕ ಸುಮಾರು 300 ಕಿಲೋಮೀಟರ್ ಕಡಲ ತೀರ ಇದೆ. ಪಕ್ಕದ ಗೋವಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಅಲ್ಲಿ ಕಡಲ ಬ್ಯಾಕ್ಟೀರಿಯಾಗಳ ಅಭ್ಯಾಸ ನಡೆಯುತ್ತದೆ.

ಇಷ್ಟು ಹುಡುಕುವುದು ಯಾಕೆ? ಒಬ್ಬ ಅಕ್ಕನ ಕತೆ ಕೇಳಿ. ಆಕೆಗೆ ಕ್ಷಯ ಇತ್ತು. ಆರು ತಿಂಗಳು ಮಾತ್ರೆ ನುಂಗಬೇಕಿತ್ತು. ಎರಡು ತಿಂಗಳಿಗೇ ಕೆಮ್ಮು ನಿಂತಿತು. "ಗುಣ ಆಯ್ತಲ್ಲ, ಇನ್ಯಾಕೆ?" ಅಂತ ಮಾತ್ರೆ ಬಿಟ್ಟು ಅಡಿಕೆ ಸುಲಿಯಲು ಹೋದಳು. ಒಳಗೆ ಉಳಿದ ರೋಗಾಣು ಮೊಂಡು ಬಿದ್ದವು. ಕೆಮ್ಮು ತಿರುಗಿ ಬಂತು. ಹಳೆಯ ಮಾತ್ರೆ ನಾಟಲಿಲ್ಲ. ಬೇರೆ ಮದ್ದು, ಇನ್ನೂ ಹೆಚ್ಚು ಕಷ್ಟ.

ಹೊಸ ಮದ್ದು ಸಿಗುವುದು ಕಷ್ಟ. ಇರುವ ಮದ್ದನ್ನು ಕೆಡಿಸಬಾರದು.

ನೆನಪಿಡಿ:
ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆ ಪುಕ್ಕಟೆ.
ಡಾಕ್ಟರು ಹೇಳಿದಷ್ಟು ದಿನ ಮಾತ್ರೆ ನುಂಗಿ. ನಡುವೆ ಬಿಡಬೇಡಿ.
ಕೆಸರಿನಲ್ಲಿ ಮದ್ದಿದೆ ಅಂತ ಗಾಯಕ್ಕೆ ಮಣ್ಣು ಹಚ್ಚಬೇಡಿ. ಧನುರ್ವಾಯು ತರುವ ಬ್ಯಾಕ್ಟೀರಿಯಾವೂ ಮಣ್ಣಿನಲ್ಲೇ ಇದೆ.

ಓದಿ, ಉತ್ತರ ಹೇಳಿ:
1. ಹಾಲು ಮೊಸರಾಗುವುದು ಯಾವುದರಿಂದ?
2. ಸಾಲಿನಿಸ್ಪೋರಾ ಎಲ್ಲಿ ಸಿಕ್ಕಿತು?
3. ಆ ಅಕ್ಕನ ಕೆಮ್ಮು ಯಾಕೆ ತಿರುಗಿ ಬಂತು? ನಿಮ್ಮ ಮನೆಯವರಿಗೂ ಹೇಳಿ.